ದಸರೆ, ದೀಪಾವಳಿ ಲೋಡ್‌ಗೆ ಪಾರ್ಸೆಲ್ ಅಂಗಡಿ ಸಜ್ಜು ಮಾಡಿಕೊಳ್ಳುವುದು ಹೇಗೆ

ಪಿತೃಪಕ್ಷದ ಹದಿನೈದು ದಿನ ಹೊಸ ಬಟ್ಟೆ, ಹೊಸ ಸಾಮಾನು ಕೊಳ್ಳುವವರು ಕಡಿಮೆ. ಪಾರ್ಸೆಲ್ ಅಂಗಡಿಯ ತಕ್ಕಡಿಗೂ ಆಗ ಸ್ವಲ್ಪ ಬಿಡುವು. ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿ ಹಿಡಿಯಿತೆಂದರೆ ಬಲಿಪಾಡ್ಯಮಿಯವರೆಗೆ ಸುಮಾರು ಒಂದು ತಿಂಗಳು ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಹಾಗಾಗಿ ಸೀಸನ್ನಿನ ತಯಾರಿಯೆಲ್ಲ ಆ ಹದಿನೈದು ದಿನದಲ್ಲೇ ಮುಗಿಯಬೇಕು.

ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ಒಂದೆರಡು ಕೊರಿಯರ್ ಕಂಪನಿಗಳ ಫ್ರಾಂಚೈಸಿ ಇಟ್ಟುಕೊಂಡು ಸೀರೆ ಅಂಗಡಿಯವರ, ಮನೆಯಲ್ಲೇ ತಿಂಡಿ ಮಾಡಿ ಮಾರುವವರ, ಆನ್‌ಲೈನ್ ವ್ಯಾಪಾರಿಗಳ ಪಾರ್ಸೆಲ್ ಬುಕ್ ಮಾಡುವವರಿಗಾಗಿ ಇದನ್ನು ಬರೆದಿದೆ. ಮಾಮೂಲಿ ದಿನ 60 ಪಾರ್ಸೆಲ್ ನೋಡುವ ಅಂಗಡಿಗೆ ಸೀಸನ್ನಿನಲ್ಲಿ 150 ಬರುತ್ತವೆ ಎಂದು ಹಿಡಿದು ಲೆಕ್ಕ ಕೊಟ್ಟಿದೆ. ನಿಮ್ಮ ಅಂಕಿ ಬೇರೆಯಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲೇ ಒಂದು ಮಾತು. ಪಾರ್ಸೆಲ್ ಜಾಸ್ತಿ ಬಂತೆಂದು ಅಂಗಡಿ ಕುಸಿಯುವುದಿಲ್ಲ, ಪಾರ್ಸೆಲ್ ನಿಂತುಬಿಟ್ಟರೆ ಕುಸಿಯುತ್ತದೆ. ಪಿನ್ ಕೋಡ್ ತಪ್ಪಿ ಹಬ್ಬಿನಲ್ಲಿ (ಕೊರಿಯರ್ ಕಂಪನಿ ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ) ನಿಂತದ್ದು, ತೂಕದ ತಕರಾರಿಗೆ ನಿಂತದ್ದು, ಕಾಗದ ಇಲ್ಲದೆ ಚೆಕ್‌ಪೋಸ್ಟಿನಲ್ಲಿ ನಿಂತದ್ದು, ಹೀಗೆ ಒಂದೊಂದಕ್ಕೂ ನಾಲ್ಕಾರು ಫೋನು, ಅರ್ಧ ಗಂಟೆ ಓಡಾಟ. ಅಷ್ಟು ಹೊತ್ತಿನಲ್ಲಿ ಹತ್ತು ಹೊಸ ಬುಕಿಂಗ್ ಆಗುತ್ತಿತ್ತು. ಮುಂದಿನ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪಾರ್ಸೆಲ್ ಎಲ್ಲಿ ನಿಲ್ಲಬಹುದು?

ಹೋದ ವರ್ಷದ ರಿಜಿಸ್ಟರ್ ತೆಗೆಯಿರಿ

ನವರಾತ್ರಿಯ ಮೊದಲ ದಿನದಿಂದ ಬಲಿಪಾಡ್ಯಮಿ ಮರುದಿನದವರೆಗಿನ ಬುಕಿಂಗ್ ಪಟ್ಟಿಯನ್ನು ತಾರೀಕಿನ ಲೆಕ್ಕದಲ್ಲಲ್ಲ, ಹಬ್ಬದ ಲೆಕ್ಕದಲ್ಲಿ ಓದಿ. ಹಬ್ಬ ಪ್ರತಿ ವರ್ಷ ತಾರೀಕು ಬದಲಿಸುವುದರಿಂದ ‘ಅಕ್ಟೋಬರ್ 10ರಂದು ಎಷ್ಟು ಬಂತು’ ಎಂಬುದರಿಂದ ಏನೂ ತಿಳಿಯದು. ‘ದೀಪಾವಳಿಗೆ ಒಂಬತ್ತು ದಿನ ಇರುವಾಗ ಎಷ್ಟು ಬಂತು’ ಎಂದು ನೋಡಿದರೆ ಈ ವರ್ಷದ ಚಿತ್ರ ಕಾಣುತ್ತದೆ. ಅದೇ ಪಟ್ಟಿಯಲ್ಲಿ ವಾಪಸ್ ಬಂದವು, ತೂಕದ ದಂಡ ಬಿದ್ದವು, ಒಡೆದವು ಎಂದು ಮೂರು ಬಣ್ಣದಲ್ಲಿ ಗುರುತು ಹಾಕಿ. ಒಂದೇ ಪಾರ್ಟಿಯ ಹೆಸರು ನಾಲ್ಕೈದು ಸಲ ಬಂದಿದ್ದರೆ ಪಿತೃಪಕ್ಷದಲ್ಲೇ ಅವರ ಅಂಗಡಿಗೆ ಹೋಗಿ ಕೂತು ಮಾತಾಡಿ. ಸೀಸನ್ ಶುರುವಾದ ಮೇಲೆ ಅವರಿಗೂ ಕೇಳುವ ವ್ಯವಧಾನ ಇರುವುದಿಲ್ಲ.

ಗಾಡಿ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಸಂಜೆ 7ಕ್ಕೆ ಪಿಕಪ್ ಗಾಡಿ ಬರುತ್ತದೆ ಎಂದಿಟ್ಟುಕೊಳ್ಳಿ. 6.30ಕ್ಕೆ ಚೀಲಗಳಿಗೆ ಸೀಲ್ ಬಿದ್ದಿರಬೇಕು, 6ಕ್ಕೆ ಮ್ಯಾನಿಫೆಸ್ಟ್ (ಆ ಗಾಡಿಗೆ ಹೋಗುವ ಪಾರ್ಸೆಲ್ಲುಗಳ ಪಟ್ಟಿ) ಮುಗಿದಿರಬೇಕು. ಅಂದರೆ ಅವತ್ತಿನ ಗಾಡಿಗೆ ಕೊನೆಯ ಬುಕಿಂಗ್ 5.15. ಈ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರಿನ ಮುಂದೆ ಹಾಕಿ, ಅದಕ್ಕೇ ಕಟ್ಟುಬಿದ್ದಿರಿ. ‘ಇದೊಂದು ತಗೊಳ್ಳಿ ಅಣ್ಣ’ ಎಂದು 5.50ಕ್ಕೆ ಬಂದ ಪಾರ್ಸೆಲ್ಲನ್ನು ತುರುಕಿದಾಗಲೇ ಲೇಬಲ್ ಅದಲುಬದಲಾಗುವುದು.

ಒಂದು ಪಾರ್ಸೆಲ್ ತೂಗಿ, ಅಳೆದು, ವಿಳಾಸ ಹೊಡೆದು, ಲೇಬಲ್ ಅಂಟಿಸಲು ಎಷ್ಟು ನಿಮಿಷ ಬೇಕೆಂದು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಇಪ್ಪತ್ತು ಪಾರ್ಸೆಲ್‌ಗೆ ನೋಡಿ. ಮೂರು ನಿಮಿಷ ಎಂದಾದರೆ ಗಂಟೆಗೆ 20, 150ಕ್ಕೆ ಏಳೂವರೆ ಗಂಟೆ. ಬೆಳಿಗ್ಗೆ 9.30ಕ್ಕೆ ಬಾಗಿಲು ತೆಗೆದು ಒಂದೇ ಕೌಂಟರಿನಲ್ಲಿ 5.15ರೊಳಗೆ ಮುಗಿಸಬೇಕಾದರೆ ಊಟಕ್ಕೆ ಕಾಲು ಗಂಟೆ ಉಳಿಯುತ್ತದೆ. ಅದೂ ಕರೆಂಟ್ ಹೋಗದಿದ್ದರೆ, ನೆಟ್ ಕೈಕೊಡದಿದ್ದರೆ ಮಾತ್ರ. ಎರಡನೇ ಕೌಂಟರ್ ಹಾಕುವುದೋ, ದೊಡ್ಡ ಪಾರ್ಟಿಗಳಿಂದ ವಿಳಾಸಗಳನ್ನು ಬೆಳಿಗ್ಗೆಯೇ ಎಕ್ಸೆಲ್ ಹಾಳೆಯಲ್ಲಿ ತರಿಸಿಕೊಂಡು ಒಟ್ಟಿಗೆ ಲೇಬಲ್ ತೆಗೆಯುವುದೋ, ಈಗಲೇ ನಿರ್ಧರಿಸಿ. ಎರಡನೆಯದಕ್ಕೆ ಖರ್ಚಿಲ್ಲ, ಮೊದಲು ಅದನ್ನೇ ಮಾಡಿ.

ಆಯುಧಪೂಜೆಯ ದಿನವನ್ನು ಲೆಕ್ಕದಲ್ಲಿ ಪ್ರತ್ಯೇಕ ಇಡಿ. ಅಂದು ಲಾರಿ ತೊಳೆದು, ಬಾಳೆಕಂಬ ಕಟ್ಟಿ, ಬೂದಗುಂಬಳ ಒಡೆಯದೆ ಡ್ರೈವರ್ ಸ್ಟೇರಿಂಗ್ ಹಿಡಿಯುವುದಿಲ್ಲ, ಹಿಡಿಯೆಂದು ಹೇಳುವುದೂ ಸರಿಯಲ್ಲ. ಹಾಗಾಗಿ ಆಯುಧಪೂಜೆ, ವಿಜಯದಶಮಿ ಎರಡೂ ದಿನ ಲೋಡ್ ಚಲಿಸುವುದಿಲ್ಲ ಎಂದೇ ಗ್ರಾಹಕರಿಗೆ ಹೇಳಿ. ದೀಪಾವಳಿಯಲ್ಲೂ ಅಷ್ಟೇ, ನರಕ ಚತುರ್ದಶಿ, ಬಲಿಪಾಡ್ಯಮಿ. ಅಕ್ಟೋಬರ್ 2 ಮತ್ತು ನವೆಂಬರ್ 1ರ ರಜೆಗಳೂ ಈ ನಡುವೆಯೇ ಬರಬಹುದು. ಎಲ್ಲವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಕೆಂಪು ಮಾಡಿ ಕೌಂಟರಿನಲ್ಲಿ ತೂಗುಹಾಕಿ.

ಕೊರಿಯರ್ ಕಂಪನಿಯ ಏರಿಯಾ ಮ್ಯಾನೇಜರಿಗೆ ಎರಡು ಪ್ರಶ್ನೆ ಬರವಣಿಗೆಯಲ್ಲಿ ಕಳಿಸಿ. ದಿನಕ್ಕೆ ಎಷ್ಟು ಚೀಲ ಎತ್ತುವುದು ಖಾತ್ರಿ? ಒಂದು ದಿನ ಗಾಡಿ ಬಾರದಿದ್ದರೆ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ? ಉತ್ತರ ಏನೇ ಬರಲಿ, ಎರಡನೇ ದಾರಿ ಇಟ್ಟುಕೊಂಡಿರಿ. ಸ್ಪೀಡ್ ಪೋಸ್ಟ್ ಇದೆ. ರಾಜ್ಯದೊಳಗಿನ ಪಟ್ಟಣಗಳಿಗೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ, ಆದರೆ ಬಸ್ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಲು ಪಡೆಯುವವರು ಒಪ್ಪುತ್ತಾರೋ ಕೇಳಿಕೊಳ್ಳಬೇಕು.

ತೂಕ: ಹಣ ಸೋರುವ ಜಾಗ

ಸೀಸನ್ನಿನ ಲಾಭ ಹೆಚ್ಚಾಗಿ ಹೋಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಕೊರಿಯರ್ ಕಂಪನಿ ಎರಡು ತೂಕ ನೋಡುತ್ತದೆ. ಒಂದು ತಕ್ಕಡಿಯ ತೂಕ. ಇನ್ನೊಂದು ಡಬ್ಬದ ಗಾತ್ರದಿಂದ ಹೊರಡಿಸಿದ ತೂಕ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದ್ದು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಕೆಲವು ಕಂಪನಿಗಳ, ಕೆಲವು ಸೇವೆಗಳ ಭಾಜಕ ಬೇರೆ ಇರುತ್ತದೆ. ಒಪ್ಪಂದದ ಕಾಗದದಲ್ಲಿ ನೋಡಿ, ಆ ಅಂಕಿಯನ್ನು ತಕ್ಕಡಿಯ ಪಕ್ಕ ಅಂಟಿಸಿ.

ಚಕ್ಕಲಿ ತುಂಬಿದ 40×30×30ರ ಡಬ್ಬವೊಂದನ್ನು ತಕ್ಕಡಿಯ ಮೇಲಿಡಿ. ಮುಳ್ಳು 3 ಕೆ.ಜಿ. ತೋರಿಸುತ್ತದೆ. ಗಾತ್ರದ ಲೆಕ್ಕ: 36,000 ಭಾಗಿಸು 5000, ಅಂದರೆ 7.2 ಕೆ.ಜಿ. ನೀವು 3 ಕೆ.ಜಿ.ಗೆ ಹಣ ತೆಗೆದುಕೊಂಡಿದ್ದರೆ ಉಳಿದ ನಾಲ್ಕು ಕೆ.ಜಿ.ಗೂ ಹೆಚ್ಚಿನದು ತಿಂಗಳ ಕೊನೆಯಲ್ಲಿ ನಿಮ್ಮ ಖಾತೆಯಿಂದ ಹೋಗುತ್ತದೆ. ಡಬ್ಬ ತೆರೆದು ನೋಡಿದರೆ ಮೇಲಿನ ಅರ್ಧ ಗೇಣು ಬರೀ ಕಾಗದ. ನಾಲ್ಕು ಮೂಲೆಯನ್ನು ಕಟರಿನಲ್ಲಿ ಸೀಳಿ, ಎತ್ತರ 18ಕ್ಕೆ ಇಳಿಸಿ ಮಡಚಿದರೆ 21,600 ಭಾಗಿಸು 5000, ಅಂದರೆ 4.32 ಕೆ.ಜಿ. ಎರಡು ನಿಮಿಷದ ಕೆಲಸ. ಮಡಚುವ ಗೆರೆಯ ಮೇಲೆ ಸ್ಕೇಲಿಟ್ಟು ಚಮಚದ ಹಿಂಭಾಗದಿಂದ ಒತ್ತಿ ಗೀರಿದರೆ ರಟ್ಟು ಹರಿಯದೆ ನೇರ ಮಡಚುತ್ತದೆ.

ಅಳೆಯುವಾಗ ಉಬ್ಬಿದ ಜಾಗದಲ್ಲಿ ಅಳೆಯಿರಿ. ಹಬ್ಬಿನ ಯಂತ್ರ ಅಳೆಯುವುದು ಅತಿ ಉಬ್ಬಿದ ಕಡೆಯನ್ನೇ. ಹೊಟ್ಟೆ ಬಿಟ್ಟ ಡಬ್ಬ ಪ್ರತಿ ಬದಿಗೆ ಒಂದೆರಡು ಸೆಂಟಿಮೀಟರ್ ಜಾಸ್ತಿ ತೋರಿಸಿ ಮುಂದಿನ ಸ್ಲ್ಯಾಬಿಗೆ (ದರದ ಮೆಟ್ಟಿಲಿಗೆ) ಹಾರುತ್ತದೆ. 500 ಗ್ರಾಂ ಸ್ಲ್ಯಾಬಿನಲ್ಲಿ ಕಳಿಸುವ ಸೀರೆ, ಕುರ್ತಾ ಪಾಕೆಟ್ಟುಗಳು ಲೇಬಲ್ ಸಮೇತ 480 ಗ್ರಾಂ ಮೀರದಂತೆ ನೋಡಿಕೊಳ್ಳಿ. 510 ಆದರೆ ಒಂದು ಕೆ.ಜಿ.ಯ ದರ. ಒಂದು ಕೆ.ಜಿ. ಮೀರುವ, ಇಲ್ಲವೇ ದೊಡ್ಡ ಡಬ್ಬದ ಪ್ರತಿ ಪಾರ್ಸೆಲ್ಲನ್ನು ತಕ್ಕಡಿಯ ಅಂಕಿ, ಲೇಬಲ್, ಅಳತೆ ಟೇಪು ಮೂರೂ ಕಾಣುವಂತೆ ಒಂದೇ ಫೋಟೊ ತೆಗೆದಿಡಿ. ತೂಕದ ತಕರಾರು ಎತ್ತಲು ಕಂಪನಿಗಳು ಕೆಲವೇ ದಿನ ಅವಕಾಶ ಕೊಡುತ್ತವೆ. ಫೋಟೊ ಇಲ್ಲದ ತಕರಾರು ನಿಲ್ಲುವುದಿಲ್ಲ.

ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ತಾರೀಕು ಮುಗಿದಿದ್ದರೆ ಈಗಲೇ ಮಾಡಿಸಿ. 5 ಕೆ.ಜಿ.ಯ ಮುದ್ರೆ ಬಿದ್ದ ತೂಕದ ಕಲ್ಲೊಂದನ್ನು ಇಟ್ಟುಕೊಂಡು ದಿನಾ ಬೆಳಿಗ್ಗೆ ಪರೀಕ್ಷಿಸಿ. ತಕ್ಕಡಿಯ ನೇರಕ್ಕೆ ಫ್ಯಾನ್ ಇದ್ದರೆ ದೊಡ್ಡ ಹಗುರ ಡಬ್ಬಗಳ ಅಂಕಿ ಕುಣಿಯುತ್ತದೆ, ಜಾಗ ಬದಲಿಸಿ.

ಟೇಪು, ಲೇಬಲ್, ಡಬ್ಬ: ಎಷ್ಟು ತರಬೇಕು

ಮೇಲಿನದೇ 40×30×30ರ ಡಬ್ಬಕ್ಕೆ ‘ಎಚ್’ ಆಕಾರದ ಟೇಪು ಹಾಕಲು ಮೇಲೆ ನಡುವಿನ ಸಂದಿಗೆ 54 ಸೆಂ.ಮೀ. (40, ಎರಡೂ ಕಡೆ 7ರಂತೆ ಕೆಳಕ್ಕೆ ಇಳಿದದ್ದು), ಎರಡು ಅಂಚಿಗೆ 44ರಂತೆ 88. ಒಟ್ಟು 142, ಅಡಿಗೂ ಅಷ್ಟೇ. ಸುಮಾರು 2.85 ಮೀಟರ್. 65 ಮೀಟರಿನ ಉಂಡೆಯಲ್ಲಿ 22 ಡಬ್ಬ. 150 ಪಾರ್ಸೆಲ್ಲಿನಲ್ಲಿ ಇಂಥ ಡಬ್ಬ 60 ಎಂದು ಹಿಡಿದರೆ ದಿನಕ್ಕೆ ಮೂರು ಉಂಡೆ, 26 ಕೆಲಸದ ದಿನಕ್ಕೆ 78. ಹತ್ತು ಜಾಸ್ತಿ ತನ್ನಿ. 48 ಮಿ.ಮೀ. ಅಗಲದ್ದೇ ಇರಲಿ. ಕಡಿಮೆ ಬೆಲೆಯ ಉಂಡೆಯಲ್ಲಿ 65 ಮೀಟರ್ ಎಂದು ಬರೆದಿದ್ದರೂ ನಡುವಿನ ರಟ್ಟಿನ ಕೊಳವೆ ದಪ್ಪಗಿದ್ದು ಟೇಪು ಕಡಿಮೆ ಇರುವುದುಂಟು. ಒಂದನ್ನು ಬಿಚ್ಚಿ ಅಳೆದು ನೋಡಿಯೇ ಪೆಟ್ಟಿಗೆ ಕೊಳ್ಳಿ. ಧೂಳು ಕೂತ ಡಬ್ಬಕ್ಕೆ ಟೇಪು ಹಿಡಿಯುವುದಿಲ್ಲ, ಹಚ್ಚುವ ಮುನ್ನ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ಲೇಬಲ್ 4×6 ಇಂಚಿನದು ದಿನಕ್ಕೆ 150ರಂತೆ 3,900. ಹಾಳಾಗುವುದು, ಮತ್ತೆ ಹೊಡೆಯುವುದು ಸೇರಿ ಶೇ 10 ಹೆಚ್ಚು ಹಿಡಿದರೆ 4,300, ಅಂದರೆ 500ರ ಒಂಬತ್ತು ರೋಲು. ಇವನ್ನು ಬಿಸಿಲು ಬೀಳುವ ಕಪಾಟಿನಲ್ಲಿ ಇಡಬೇಡಿ. ಥರ್ಮಲ್ ಕಾಗದ ಶಾಖಕ್ಕೆ ಕಪ್ಪಾಗುತ್ತದೆ. ಬಾರ್‌ಕೋಡಿನ ಮೇಲೆ ಪಾರದರ್ಶಕ ಟೇಪು ಹಚ್ಚುವ ಅಭ್ಯಾಸ ಬಹಳ ಕಡೆ ಇದೆ. ಮಳೆಯಿಂದ ಕಾಪಾಡಲೆಂದೇ ಮಾಡುತ್ತಾರೆ, ಆದರೆ ಟೇಪಿನ ಹೊಳಪು ಸ್ಕ್ಯಾನರಿನ ಕಣ್ಣು ಕಟ್ಟುತ್ತದೆ, ಕೆಲವು ಟೇಪುಗಳ ಅಂಟು ದಿನ ಕಳೆದಂತೆ ಅಚ್ಚನ್ನೇ ಮಾಸಿಸುತ್ತದೆ. ಅದರ ಬದಲು ಪಾರದರ್ಶಕ ಲೇಬಲ್ ಚೀಲ ಬಳಸಿ. ಅಚ್ಚಾದ ಲೇಬಲ್ಲಿನ ಉದ್ದಕ್ಕೂ ಬಿಳಿ ಗೆರೆಯೊಂದು ಬರುತ್ತಿದ್ದರೆ ಪ್ರಿಂಟರಿನ ತಲೆಗೆ ಅಂಟು ಹತ್ತಿದೆ ಎಂದರ್ಥ. ಪ್ರಿಂಟರ್ ಆರಿಸಿ, ತಲೆ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಗೆರೆ ಹಾಗೇ ಉಳಿದರೆ ತಲೆಯ ಒಂದು ಚುಕ್ಕಿ ಸುಟ್ಟಿದೆ, ಬದಲಿಸಬೇಕು. ಈ ಪರೀಕ್ಷೆ ಪಿತೃಪಕ್ಷದಲ್ಲೇ ಆಗಲಿ.

ಬಟ್ಟೆಗೆ 3 ಪದರದ ಡಬ್ಬ ಸಾಕು. ತಿಂಡಿ, ಗಾಜು, ಚನ್ನಪಟ್ಟಣದ ಬೊಂಬೆ ಇತ್ಯಾದಿಗೆ 5 ಪದರದ್ದೇ ಬೇಕು. ಅಕ್ಟೋಬರಿನ ಹಿಂಗಾರು ಮಳೆಯಲ್ಲಿ ರಟ್ಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಗಟ್ಟಿಯಾಗಿ ಕಾಣುವ ಡಬ್ಬವೂ ಚೀಲದ ಅಡಿಯಲ್ಲಿ ಕೂತರೆ ಕುಸಿಯುತ್ತದೆ. ದಾಸ್ತಾನನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ.

ಚಕ್ಕಲಿ ಒಡೆಯದಂತೆ

ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ರಜೆ ಸಿಗಲಿಲ್ಲ, ಮನೆಯವರು ತಿಂಡಿ ಕಳಿಸುತ್ತಾರೆ. ಆ ಡಬ್ಬ ಪುಡಿಯಾಗಿ ತಲುಪಿದರೆ ಹಣ ವಾಪಸ್ ಕೊಟ್ಟು ಸರಿಮಾಡಲಾಗದು. ಪ್ಯಾಕಿಂಗ್ ಅವರದೇ ಆದರೂ ಕೌಂಟರಿನಲ್ಲಿ ಒಮ್ಮೆ ನೋಡಿ ಹೇಳುವುದು ನಿಮ್ಮ ಕೆಲಸ.

ಚಕ್ಕಲಿ ಒಡೆಯುವುದು ಹೊರಗಿನ ಪೆಟ್ಟಿಗಿಂತ ಹೆಚ್ಚಾಗಿ ಒಳಗೆ ಅಲುಗಾಡಿ. ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬಿಸಿ ಇರುವಾಗ ಮುಚ್ಚಿದರೆ ಹಬೆ ನೀರಾಗಿ ಮೆತ್ತಗಾಗುತ್ತದೆ. ಚಕ್ಕಲಿಯ ಅಗಲಕ್ಕೆ ಸರಿಹೊಂದುವ ಗಟ್ಟಿ ಡಬ್ಬದಲ್ಲಿ ಒಂದರ ಮೇಲೊಂದು ಜೋಡಿಸಿ, ಮುಚ್ಚಳದ ಕೆಳಗೆ ಉಳಿದ ಜಾಗಕ್ಕೆ ಬಟರ್ ಪೇಪರ್ ಮುದ್ದೆ ಮಾಡಿ ತುಂಬಿ. ಮುಚ್ಚಳದ ಸುತ್ತ ಟೇಪು. ಬಬಲ್ ರ‍್ಯಾಪ್ ಎರಡು ಸುತ್ತು, ಗುಳ್ಳೆ ಒಳಮುಖವಾಗಿರಲಿ. ಹೊರಡಬ್ಬದಲ್ಲಿ ಆರೂ ಕಡೆ 4 ಸೆಂ.ಮೀ. ಬಿಟ್ಟು ಮುದ್ದೆ ಕಾಗದ ಬಿಗಿದು ತುಂಬಿ. ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಬೇಕು. ‘ಒಡೆಯುವ ವಸ್ತು’ ಎಂದು ಕೆಂಪು ಚೀಟಿ ಅಂಟಿಸಿದರೆ ಹಬ್ಬಿನ ಬೆಲ್ಟಿಗೆ ಓದಲು ಬರುವುದಿಲ್ಲ. ಸೊಂಟದೆತ್ತರದಿಂದ ಬಿದ್ದರೂ ತಡೆಯಬೇಕು ಎಂದುಕೊಂಡೇ ಪ್ಯಾಕ್ ಮಾಡಿಸಿ. ತುಪ್ಪದ ಸಿಹಿ ಇದ್ದರೆ ಡಬ್ಬವನ್ನು ಜಿಪ್ ಚೀಲದಲ್ಲಿ ಹಾಕಿಸಿ, ಒಂದು ಡಬ್ಬದ ತುಪ್ಪ ಸೋರಿದರೆ ಅದೇ ಚೀಲದಲ್ಲಿರುವ ಪಕ್ಕದವರ ಇಳಕಲ್ ಸೀರೆಗೂ ಕಲೆ.

ಪೂಜಾ ಸಾಮಾನಿನ ಕಿಟ್ ಕಂಡರೆ ಕೇಳಿ

ಪಟಾಕಿ ಯಾವ ದಾರಿಯಲ್ಲೂ ಹೋಗುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ನುಸುಳುವುದು ಬೇರೆಯವು. ಪೂಜಾ ಕಿಟ್ಟಿನೊಳಗಿನ ಕರ್ಪೂರ ಸುಲಭವಾಗಿ ಹೊತ್ತುವ ಘನವಸ್ತು, ವಿಮಾನಕ್ಕೆ ನಿಷಿದ್ಧ. ಬೆಂಕಿಪೊಟ್ಟಣವೂ ಹಾಗೆಯೇ. ತಿಪಟೂರು ಕಡೆಯವರು ಅಭಿಮಾನದಿಂದ ಕಳಿಸುವ ಒಣಕೊಬ್ಬರಿ ಕೂಡ ತಾನಾಗಿ ಬಿಸಿಯೇರಿ ಹೊತ್ತಬಲ್ಲ ಸರಕೆಂದು ವಿಮಾನಯಾನದ ಅಪಾಯಕಾರಿ ಪಟ್ಟಿಯಲ್ಲಿದೆ. ಎಣ್ಣೆಯಂಶ ಹೆಚ್ಚಿರುವುದೇ ಕಾರಣ. ಸೆಂಟು, ಸ್ಪ್ರೇ ಡಬ್ಬಿ, ಉಗುರುಬಣ್ಣ, ಪವರ್ ಬ್ಯಾಂಕ್ ಇವನ್ನೂ ಕೇಳಿ. ಇಂಥದ್ದು ಎಕ್ಸ್‌ರೇಯಲ್ಲಿ ಸಿಕ್ಕರೆ ಪಾರ್ಸೆಲ್ ನಿಲ್ಲುತ್ತದೆ, ಕೆಲವೊಮ್ಮೆ ಅದಿದ್ದ ಚೀಲವಿಡೀ ತಡವಾಗುತ್ತದೆ. ಬುಕಿಂಗ್ ಮಾಡುವವರು ‘ಒಳಗೇನಿದೆ?’ ಎಂದು ಕೇಳಿ ಬಿಟ್ಟರೆ ಸಾಲದು, ‘ಕರ್ಪೂರ, ಕೊಬ್ಬರಿ, ಬ್ಯಾಟರಿ, ಸೆಂಟು ಇದೆಯಾ?’ ಎಂದು ಹೆಸರು ಹಿಡಿದು ಕೇಳಲಿ. ಕೊಬ್ಬರಿ, ಕರ್ಪೂರವನ್ನು ರಸ್ತೆ ಮಾರ್ಗದ ಸೇವೆಯವರು ಒಪ್ಪುತ್ತಾರೋ ಮೊದಲೇ ಕೇಳಿಟ್ಟುಕೊಳ್ಳಿ.

ಅಮೆರಿಕಕ್ಕೆ ಕಳಿಸುವವರಿಗೆ ಒಂದು ವಿಷಯ ಹೇಳಲೇಬೇಕು. 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್ 29ರಿಂದ ತೆಗೆದುಹಾಕಿದೆ. ಸುಂಕ ಯಾರು ಕಟ್ಟುತ್ತಾರೆ ಎಂದು ಬುಕಿಂಗ್ ಹೊತ್ತಿಗೇ ತೀರ್ಮಾನವಾಗಲಿ. ಒಳಗಿನ ಪಟ್ಟಿಯಲ್ಲಿ ‘ತಿಂಡಿ’ ಎಂದು ಒಂದೇ ಪದ ಬರೆಯದೆ ಪ್ರತಿ ಪದಾರ್ಥದ ಹೆಸರು, ತೂಕ, ಬೆಲೆ ಬೇರೆ ಬೇರೆ ಬರೆಯಿರಿ.

ವಿಳಾಸ ಮತ್ತು ಕಾಗದ

ಕರ್ನಾಟಕದ ಪಿನ್ ಕೋಡುಗಳೆಲ್ಲ 56, 57, 58, 59ರಿಂದ ಶುರುವಾಗುತ್ತವೆ. ವಿಳಾಸ ಕರ್ನಾಟಕದ್ದು, ಪಿನ್ 6ರಿಂದ ಶುರು ಎಂದರೆ ಎಲ್ಲೋ ತಪ್ಪಿದೆ. ಹೊಸೂರು ಎಂಬ ಹೆಸರಿನ ಊರುಗಳು ನಮ್ಮಲ್ಲೇ ಹಲವಿವೆ, ತಮಿಳುನಾಡಿನ ಹೊಸೂರು 635ರದ್ದು. ಹೊಸಹಳ್ಳಿ, ರಾಂಪುರಗಳ ಕಥೆಯೂ ಅದೇ. ಇಂಥ ಹೆಸರು ಬಂದಾಗ ತಾಲ್ಲೂಕು ಬರೆಯದೆ ಬುಕ್ ಮಾಡಬೇಡಿ. ಪಡೆಯುವವರ ಎರಡನೇ ಫೋನ್ ನಂಬರ್ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಹಬ್ಬಕ್ಕೆ ಊರಿಗೆ ಹೋದವರ ಮನೆಗೆ ಬೀಗ ಇರುತ್ತದೆ, ಪಕ್ಕದ ಮನೆಯವರ ನಂಬರ್ ಒಂದಿದ್ದರೆ ಪಾರ್ಸೆಲ್ ವಾಪಸ್ ಬರುವುದು ತಪ್ಪುತ್ತದೆ.

ಸೀರೆ ಅಂಗಡಿಯ ಪಾರ್ಸೆಲ್ಲಿನ ಬಿಲ್ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ವ್ಯವಸ್ಥೆಯಲ್ಲಿ ತೆಗೆಯುವ ಚೀಟಿ) ಬೇಕು. ಒಂದೇ ಬಿಲ್ಲಿನ ಮಾಲು ಮೂರು ಡಬ್ಬದಲ್ಲಿ ಹೋದರೂ ಒಟ್ಟು ಬೆಲೆಯೇ ಲೆಕ್ಕ. ಅದರ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನ. ಬೆಂಗಳೂರಿನಿಂದ ಮುಂಬೈಗೆ ಐದು ದಿನ. ಸೀಸನ್ನಿನಲ್ಲಿ ಹಬ್ಬಿನಲ್ಲೇ ಮೂರು ದಿನ ಕೂತರೆ ದಾರಿಯಲ್ಲಿ ಅವಧಿ ತೀರಬಹುದು. ತೀರುವ 8 ಗಂಟೆ ಮೊದಲಿನಿಂದ ತೀರಿದ 8 ಗಂಟೆಯೊಳಗೆ ಮಾತ್ರ ವಿಸ್ತರಿಸಲು ಬರುತ್ತದೆ. ಅವಧಿ ಮುಗಿಯುವ ತಾರೀಕನ್ನು ಬುಕಿಂಗ್ ದಿನವೇ ಬೋರ್ಡಿನಲ್ಲಿ ಬರೆದಿಡಿ.

ಜನ ಮತ್ತು ದುಡ್ಡು

ಹೊಸಬರನ್ನು ನವರಾತ್ರಿಯ ಹಿಂದಿನ ದಿನ ಕರೆತರಬೇಡಿ. ಪಿತೃಪಕ್ಷದಲ್ಲಿ ಒಂದು ವಾರ ಜೊತೆಗೆ ನಿಲ್ಲಲಿ. ಅವರಿಗೆ ಮೊದಲು ಚೀಲ ವಿಂಗಡಿಸುವುದು ಕಲಿಸಿ, ಬಿಲ್ಲಿಂಗ್ ಕೊನೆಗೆ. ಫೋನ್ ಎತ್ತಲು ಒಬ್ಬರು ಬೇರೆಯೇ ಇರಲಿ. ತೂಗುವವರೇ ಫೋನ್ ಎತ್ತಿದರೆ ಎರಡೂ ಕೆಡುತ್ತದೆ. ಆ ಒಬ್ಬರ ಮೊದಲ ಕೆಲಸ ಬೆಳಿಗ್ಗೆ 10ರೊಳಗೆ ನಿನ್ನೆ ಡೆಲಿವರಿಯಾಗದ ಪಾರ್ಸೆಲ್ಲುಗಳ ಪಟ್ಟಿ ತೆಗೆದು, ಪಡೆಯುವವರಿಗೆ ಕರೆ ಮಾಡಿ, ಹೊಸ ವಿಳಾಸ ಅಥವಾ ಹೊಸ ಹೊತ್ತು ಪೋರ್ಟಲ್ಲಿನಲ್ಲಿ ಹಾಕುವುದು. ಸಾಮಾನ್ಯವಾಗಿ ಮೂರು ಪ್ರಯತ್ನದ ಮೇಲೆ ಪಾರ್ಸೆಲ್ ತಿರುಗಿ ಹೊರಡುತ್ತದೆ, ಆಮೇಲೆ ತಡೆಯುವುದು ಕಷ್ಟ.

ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಕಳಿಸುವ ಮುನ್ನ ಪಡೆಯುವವರಿಗೆ ಒಂದು ಕರೆ ಮಾಡುವಂತೆ ಮಾರಾಟಗಾರರನ್ನು ಒಪ್ಪಿಸಿ. ವಾಪಸ್ ಬಂದರೆ ಎರಡೂ ಕಡೆಯ ಸಾಗಣೆ ಖರ್ಚು ಬೀಳುತ್ತದೆ. ಕ್ಯಾಶ್ ಆನ್ ಡೆಲಿವರಿಯ ದುಡ್ಡು ಕೈಗೆ ಬರಲು ವಾರ ಅಥವಾ ಹೆಚ್ಚು ಹಿಡಿಯುವುದರಿಂದ, ಕೊರಿಯರ್ ವಾಲೆಟ್ಟಿಗೆ (ಲೇಬಲ್ ತೆಗೆಯಲು ಕಂಪನಿಯಲ್ಲಿ ಮುಂಗಡ ಹಾಕಿಡುವ ಖಾತೆಗೆ) ಕನಿಷ್ಠ ಹತ್ತು ದಿನದ ಸೀಸನ್ ಬುಕಿಂಗಿಗೆ ಸಾಕಾಗುವ ಹಣ ಮೊದಲೇ ಎತ್ತಿಡಿ. ರಜೆ ದಿನ ವಾಲೆಟ್ ಖಾಲಿಯಾಗಿ ಲೇಬಲ್ ಹೊರಡದೆ ನಿಂತರೆ ಸರತಿಯಲ್ಲಿ ನಿಂತವರಿಗೆ ಏನೂ ಹೇಳಲಾಗದು. ಉದ್ರಿ ಪಾರ್ಟಿಗಳ ಹಳೆ ಬಾಕಿಯನ್ನು ನವರಾತ್ರಿಗೆ ಮುಂಚೆಯೇ ವಸೂಲಿ ಮಾಡಿ.

ದೀಪಾವಳಿ ಮುಗಿದರೂ ಅಂಗಡಿಯನ್ನು ಸಡಿಲ ಬಿಡಬೇಡಿ. ದೀಪಾವಳಿ ಅಮಾವಾಸ್ಯೆ ಆದ ಆರನೇ ದಿನ ಬಿಹಾರ ಕಡೆಯವರ ದೊಡ್ಡ ಹಬ್ಬ ಛಠ್ ಪೂಜೆ. ದೊಡ್ಡ ಹಬ್ಬುಗಳಲ್ಲಿ ಲೋಡ್ ಎತ್ತಿಳಿಸುವ ಬಿಹಾರ, ಉತ್ತರಪ್ರದೇಶದ ಹುಡುಗರು ಊರಿಗೆ ಹೋಗಿರುತ್ತಾರೆ, ಹಾಗಾಗಿ ಆ ಹತ್ತು ದಿನ ಉತ್ತರದ ಕಡೆಯ ಪಾರ್ಸೆಲ್ಲುಗಳಿಗೆ ಎರಡು ದಿನ ಹೆಚ್ಚು ಹೇಳಿ ಬುಕ್ ಮಾಡಿ. ವಾಪಸ್ ಬರುವ ಮಾಲೂ ಅದೇ ಹೊತ್ತಿಗೆ ಬಂದು ಬೀಳುತ್ತದೆ. ಅದಕ್ಕೆಂದು ಒಂದು ಮೂಲೆಯನ್ನು ಈಗಲೇ ಖಾಲಿ ಮಾಡಿ, ನೆಲಕ್ಕೆ ಹಳದಿ ಟೇಪಿನಲ್ಲಿ ಗೆರೆ ಎಳೆದಿಡಿ. ವಾಪಸ್ ಬಂದ ಡಬ್ಬವನ್ನು ಬಿಚ್ಚುವಾಗ ಮೊಬೈಲ್ ವಿಡಿಯೊ ಓಡುತ್ತಿರಲಿ, ಲೇಬಲ್ ಕಾಣುವಲ್ಲಿಂದ ಒಳಗಿನ ಮಾಲು ಕಾಣುವವರೆಗೆ ಎಲ್ಲೂ ನಿಲ್ಲಿಸದೆ.